ನೀರು ಸೋಕದ ಎಸಳು

ಜಿಗಣಿ
18-2-1996

ಮಗಳು ಶೋಭಾರಾಣಿಗೆ,

ಮೊದಲು ಬೈದು ಆಮೇಲೆ ಹರಸುತ್ತೇನೆ. ಮೂರು ತಿಂಗಳು ತುಂಬುವ ತನಕ ಹೆತ್ತ ತಾಯಿಗೂ ಬಾಯಿ ಬಿಡಬಾರದೆಂದು ನಿನಗೆ ಯಾರು ಹೇಳಿಕೊಟ್ಟರು? ನಿನ್ನ ಕಾಗದ ಓದಿ ನಿಮ್ಮಪ್ಪ ಕನ್ನಡಕ ಒರೆಸಿದ್ದೇ ಒರೆಸಿದ್ದು. ಮದುವೆಯಾಗಿ ಆರು ವರ್ಷ ಕಾದಿದ್ದೀಯ. ನಾನು ಹರಕೆ ಹೊರದ ದೇವರಿಲ್ಲ. ಈಗ ಎಲ್ಲರ ಗುಡಿಗೂ ನಡೆಯಬೇಕು, ನನ್ನ ಮಂಡಿಯ ಗತಿ ಏನಾಗುತ್ತದೋ! ಹುಷಾರಾಗಿರು. ಕೊಡ ಎತ್ತಬೇಡ. ಆ ಪೀಣ್ಯದ ಬೋರ್‌ವೆಲ್ ನೀರನ್ನು ಕಾಯಿಸದೆ ಕುಡಿಯಬೇಡ, ಅಲ್ಲಿನ ಕಾರ್ಖಾನೆಗಳವರು ನೆಲಕ್ಕೆ ಏನೇನು ಬಿಡುತ್ತಾರೋ ಯಾರಿಗೆ ಗೊತ್ತು.

ನನಗಿಲ್ಲಿ ಈಗಷ್ಟೇ ಉಸಿರು ಬಂತು. ಫೆಬ್ರವರಿ ಹದಿನಾಲ್ಕಕ್ಕೆ ಫಾರಿನ್ನಿನಲ್ಲಿ ಪ್ರೇಮಿಗಳ ಹಬ್ಬವಂತೆ. ಅದಕ್ಕಾಗಿ ನಮ್ಮ ಪ್ಲಾಸ್ಟಿಕ್ ಮನೆಗಳ ಗುಲಾಬಿಯೆಲ್ಲ ವಿಮಾನ ಹತ್ತಿತು. ಗುಲಾಬಿ ಕಂಪನಿಯಲ್ಲಿ ನಿಮ್ಮಮ್ಮ ಈಗ ಬರೀ ಕೂಲಿಯಲ್ಲ, ಪ್ಯಾಕಿಂಗ್ ಹಾಲಿನ ಮೇಸ್ತ್ರಿ. ಹುಡುಗಿಯರು ನನ್ನ ಕೆಮ್ಮು ಕೇಳಿದರೆ ಸಾಕು, ಮಾತು ನಿಲ್ಲಿಸುತ್ತಾರೆ. ಕತ್ತು ಬಗ್ಗಿದ ಹೂವು, ಕಾಂಡ ಗಿಡ್ಡವಾದದ್ದು, ಎಸಳಿನ ಅಂಚು ಕಂದಿದ್ದು ಎಲ್ಲ ರಿಜೆಕ್ಟ್. ಹಿಂದಿನ ಗುಂಡಿಯ ಹತ್ತಿರ ಆಳೆತ್ತರ ರಾಶಿ ಬೀಳುತ್ತದೆ. ಅಂಥ ಹೂವು ಕೊಳೆಯುವುದನ್ನು ನೋಡಿದರೆ ಹೊಟ್ಟೆ ಉರಿಯುತ್ತದೆ.

ಬಾವಿ ಪಕ್ಕದ ನಮ್ಮ ಪನ್ನೀರು ಗುಲಾಬಿ ಗಿಡ ಹೋಯಿತು. ನಿಮ್ಮಪ್ಪ ಕಂಪನಿಗೆ ಗುತ್ತಿಗೆ ಕೊಟ್ಟ ಜಮೀನಿನಲ್ಲಿ ಅದೂ ಸೇರಿತ್ತಲ್ಲ. ಬೆಳೆ ನೋಡಿಕೊಳ್ಳುವ ವೀರೇಶ್ ಸಾರ್ ಇದ್ದಾರೆ, ಹಾವೇರಿ ಕಡೆಯವರು, ತೋಟಗಾರಿಕೆ ಓದಿದವರು. ಅವರೇ ಕೀಳಿಸಿದರು. "ಈ ನಾಟಿ ಗಿಡದಾಗ ನುಸಿ ಕುಂತಾವ್ರೀ ವಸಂತಮ್ಮಾರೆ, ಇಲ್ಲಿಂದ ನಮ್ಮ ಬೆಳೀಗೆ ದಾಟ್ತಾವು" ಅಂದರು. ಮೂರು ದಿನ ಅವರ ಜೊತೆ ಮಾತು ಬಿಟ್ಟಿದ್ದೆ.

ಆದರೆ ಗುಲ್ಕನ್ ಮಾಡದೆ ಬಿಡುತ್ತೇನೆಯೇ? ನಾನು ಬಸುರಿಯಾದಾಗಲೆಲ್ಲ ನಿಮ್ಮಜ್ಜಿ ಮಾಡಿ ತಿನ್ನಿಸಿದ್ದರು. ನಿನ್ನೆ ನಿಮ್ಮತ್ತಿಗೆ ಪ್ರಮೀಳಳನ್ನು ಕರೆದುಕೊಂಡು ಹೋಗಿ ರಾಶಿಯಿಂದ ಎರಡು ಮಂಕರಿ ಹೂವು ತಂದೆ. ಅವಳು ಈ ಮನೆಗೆ ಸೊಸೆಯಾಗಿ ಬಂದು ವರ್ಷವಾಗಲಿಲ್ಲ, ಏನೂ ತಿಳಿಯದು. "ತೊಳ್ಯೋದು ಬ್ಯಾಡ್ವಾ ಅತ್ತೆ?" ಅಂತ ಕೊಡ ತಂದಳು. ಬೈದು ಕಳಿಸಿದೆ. ಗುಲ್ಕನ್ನಿನ ಎಸಳಿಗೆ ನೀರು ಸೋಕಬಾರದು, ಸೋಕಿದರೆ ಬೂಷ್ಟು ಹಿಡಿಯುತ್ತದೆ ಎಂದು ನಿಮ್ಮಜ್ಜಿ ನನಗೆ ಕೈ ಮೇಲೆ ಹೊಡೆದು ಕಲಿಸಿದ್ದಾರೆ. ಎಸಳು, ಕಲ್ಲುಸಕ್ಕರೆ, ಎಸಳು, ಕಲ್ಲುಸಕ್ಕರೆ ಎಂದು ಜಾಡಿ ತುಂಬಿ ಬಿಸಿಲಿಗಿಟ್ಟಿದ್ದೇನೆ. ಬಣ್ಣವೋ ಬಣ್ಣ. ವಾಸನೆ ಮಾತ್ರ ಇಲ್ಲ, ಏಲಕ್ಕಿ ಕುಟ್ಟಿ ಹಾಕಿದೆ. ನನಗಂತೂ ಸಕ್ಕರೆ ಕಾಯಿಲೆ, ನಾಲಿಗೆಗೆ ಮುಟ್ಟಿಸುವಂತಿಲ್ಲ. ಎಲ್ಲವೂ ನಿನಗೇ. ಪಾಕವಾದ ಮೇಲೆ ಟೆಂಪೋ ಚಿನ್ನಪ್ಪನ ಕೈಲಿ ಕಳಿಸುತ್ತೇನೆ.

ಹರಸುವುದು ಮರೆತೆ. ಮಡಿಲು ತುಂಬಲಿ ಮಗಳೇ.

ನಿನ್ನ ಅಮ್ಮ,
ವಸಂತಮ್ಮ


ಪೀಣ್ಯ
27-3-1996

ಅಮ್ಮ,

ಜಾಡಿ ಬಂತು. ಚಿನ್ನಪ್ಪಣ್ಣ ಅದನ್ನು ಮಗುವಿನ ಹಾಗೆ ಟವೆಲ್ಲಿನಲ್ಲಿ ಸುತ್ತಿಕೊಂಡು ಬಂದಿದ್ದ. "ಒಡದ್ರೆ ನಿಮ್ಮವ್ವ ನನ್ ಟೆಂಪೋಗೆ ಬೆಂಕಿ ಇಕ್ತಾಳೆ" ಅಂದ.

ಬೆಳಿಗ್ಗೆ ಒಂದು ಚಮಚ, ರಾತ್ರಿ ಹಾಲಿಗೆ ಒಂದು ಚಮಚ ತಿನ್ನುತ್ತಿದ್ದೇನೆ. ಇವರಿಗೆ ಕೊಟ್ಟರೆ "ಬಸ್ರೀರ ತಿಂಡಿ ನನಗ್ಯಾಕೆ" ಎಂದು ಮುಖ ತಿರುಗಿಸುತ್ತಾರೆ. ಶಿಫ್ಟ್ ಮುಗಿಸಿ ಲೇತ್ ಎಣ್ಣೆಯ ವಾಸನೆಯಲ್ಲೇ ಬಂದು ಮೊದಲು ನನ್ನ ಹೊಟ್ಟೆಯನ್ನು ಮಾತಾಡಿಸುತ್ತಾರೆ. ನನ್ನನ್ನು ಆಮೇಲೆ.

ನೀನು ಈ ಸಲ ಅದೇನು ಮಂತ್ರ ಹಾಕಿದ್ದೀಯಮ್ಮ? ಅಜ್ಜಿಯ ಗುಲ್ಕನ್ನನ್ನು ನೀರಿನ ತಟ್ಟೆಯ ನಡುವೆ ಇಟ್ಟರೂ ಇರುವೆ ಮುತ್ತುತ್ತಿತ್ತು. ಈ ವಠಾರದಲ್ಲಿ ಇರುವೆ ಕಾಟ ಹೇಳತೀರದು, ಸಕ್ಕರೆ ಡಬ್ಬಕ್ಕೆ ದಾರ ಬಿಗಿದಿದ್ದೇನೆ. ಜಾಡಿಯ ಮುಚ್ಚಳದಿಂದ ಪಾಕ ಇಳಿದು ಅಂಟಿಕೊಂಡಿದ್ದರೂ ಒಂದು ಇರುವೆ ಹತ್ತಿರ ಸುಳಿದಿಲ್ಲ.

ಬಾಯಲ್ಲಿ ಯಾವಾಗಲೂ ಜೊಲ್ಲು ತುಂಬುತ್ತದೆ. ಮಾತಾಡಲೂ ಕಷ್ಟ, ಪಕ್ಕದಲ್ಲಿ ಬಟ್ಟಲು ಇಟ್ಟುಕೊಂಡೇ ಕೂರುತ್ತೇನೆ. ನಾಲ್ಕು ತಿಂಗಳಾದ ಮೇಲೂ ಹೀಗಿರುತ್ತದೆಯೇ?

ನಿನ್ನ ಶೋಭಾ


ಜಿಗಣಿ
12-4-1996

ಶೋಭಾ,

ಹೆದರಬೇಡ. ಜೊಲ್ಲು, ಓಕರಿಕೆ ಎಲ್ಲ ಮೈಯ ಉಷ್ಣ. ಪಕ್ಕದ ಮನೆಯ ಗಂಗಮ್ಮ ಅಂತೂ "ಉಗುಳು ಸುರೀತೈತೆ ಅಂದ್ರೆ ಗಂಡೇ" ಎಂದು ಪಣ ಕಟ್ಟಿದ್ದಾಳೆ. ಎರಡು ಹೊತ್ತು ಸಾಲದು, ಮೂರು ಹೊತ್ತು ತಿನ್ನು. ಇನ್ನೊಂದು ಜಾಡಿ ಕಳಿಸಿದ್ದೇನೆ. ಇರುವೆ ಬರಲಿಲ್ಲವೆಂದರೆ ಅದು ಕಂಪನಿ ಹೂವಿನ ಶುದ್ಧ. ಮಣ್ಣು ಸೋಕದಂತೆ, ನೊಣ ಕೂರದಂತೆ ಬೆಳೆಸುತ್ತಾರೆ ಇಲ್ಲಿ.

ವೀರೇಶ್ ಸಾರ್ ಜೊತೆ ರಾಜಿಯಾಗಿದ್ದೇನೆ. ಚಿನ್ನಪ್ಪನ ಮನೆಯ ಮಹಡಿ ಮೇಲೆ ಒಂಟಿಯಾಗಿದ್ದಾರೆ, ಪಾಪ, ಉಪ್ಪಿನಕಾಯಿ ಕೊಟ್ಟರೆ ಕಣ್ಣಲ್ಲಿ ನೀರು ಹಾಕಿಕೊಳ್ಳುತ್ತಾರೆ. ಹೂವಿನ ಮಾತು ತೆಗೆದರೆ ಮಾತ್ರ ಮೇಷ್ಟರಾಗಿಬಿಡುತ್ತಾರೆ. ಮೊನ್ನೆ ಒಂದು ಸೇಬು ಕೊಯ್ಯುತ್ತ ಹೇಳಿದರು, "ಇದೂ ಗುಲಾಬಿ ಕುಲದ್ದೇ ಅದ ನೋಡ್ರಿ. ಸೇಬು, ಬೇರಿಕಾಯಿ, ಬಾದಾಮಿ, ಸ್ಟ್ರಾಬೆರಿ, ಎಲ್ಲಾ ಒಂದೇ ಮನಿತನ." ನಾವೆಲ್ಲ ನಕ್ಕೆವು. ಅವರು ಕಾಗದದಲ್ಲಿ ಬರೆದೇ ತೋರಿಸಿದರು. ಕಾಡು ಗುಲಾಬಿಗೂ ಐದೇ ಎಸಳು, ಸೇಬಿನ ಹೂವಿಗೂ ಐದೇ ಎಸಳಂತೆ. ಅದಕ್ಕೇ ಅವಕ್ಕೆ ಕಾಯಿ ಬರುತ್ತದಂತೆ. ನಮ್ಮ ಕಂಪನಿ ಹೂವಿನಲ್ಲಿ ಮಾತ್ರ ಒಳಗಿನ ಕೇಸರವೆಲ್ಲ ಎಸಳಾಗಿಬಿಟ್ಟಿದೆ, ನೋಡಲು ತುಂಬಿಕೊಂಡಿರುತ್ತದೆ, ಕಾಯಿ ಕಟ್ಟುವುದು ಅಪರೂಪ. ಬೇರು ಮಾತ್ರ ನಾಟಿ ಗುಲಾಬಿಯದು. ಅದರ ಕಡ್ಡಿ ನೆಟ್ಟು, ಮೇಲೆ ಫಾರಿನ್ ಗಿಡದ ಕಣ್ಣು ಕೂರಿಸಿ ಕಸಿ ಕಟ್ಟುತ್ತಾರೆ. ನಾಟಿ ಬೇರು ತನ್ನದೇ ಚಿಗುರು ಬಿಟ್ಟರೆ ನಾವು ಅದನ್ನು ಚಿವುಟಬೇಕು. ಆ ಕೆಲಸ ಮಾಡುವಾಗ ನನಗೆ ಬಾವಿ ಪಕ್ಕದ ಗಿಡ ನೆನಪಾಗುತ್ತದೆ.

ಅದಿರಲಿ. ಅಳಿಯಂದಿರಿಗೆ ಹೇಳಿ ಸೇಬು ತರಿಸಿ ತಿನ್ನು, ಬಾದಾಮಿ ನೆನೆಸಿ ತಿನ್ನು. ಎಲ್ಲ ನಮ್ಮ ಗುಲಾಬಿಯ ನೆಂಟರೇ. ಏಳನೇ ತಿಂಗಳಲ್ಲಿ ಸೀಮಂತಕ್ಕೆ ಕರೆದುಕೊಂಡು ಬರುತ್ತೇನೆ. ಹಸಿರು ಬಳೆ ಈಗಲೇ ತಂದಿಟ್ಟಿದ್ದೇನೆ.

ಅಮ್ಮ


ಪೀಣ್ಯ
20-5-1996

ಅಮ್ಮ,

ಅಕ್ಷರ ಸೊಟ್ಟಗಿದೆ, ಬೈಯಬೇಡ. ಕೈ ನಡುಗುತ್ತದೆ. ಸುಮ್ಮನೆ ಕೂತರೂ ಸೀರೆ ಹಿಂಡುವಷ್ಟು ಬೆವರು, ಹಗಲಲ್ಲೇ ಕಣ್ಣು ಮಂಜು. ಇವರು "ಡಾಕ್ಟರ್ ಹತ್ರ ನಡಿ" ಎಂದು ಜಗಳಕ್ಕೇ ಬಂದರು. ಮುಂದಿನ ವಾರ ತಪಾಸಣೆ ಇದ್ದೇ ಇದೆಯಲ್ಲ ಎಂದೆ.

ನೀನು ಹೇಳಿದಂತೆ ಮೂರು ಹೊತ್ತು ತಿನ್ನುತ್ತಿದ್ದೇನೆ. ಅನ್ನ ಸೇರುವುದಿಲ್ಲ, ಅದೊಂದೇ ತಣ್ಣಗೆ ಒಳಗಿಳಿಯುತ್ತದೆ.

ಇಷ್ಟು ದಿನ ಒದ್ದು ಒದ್ದು ನಿದ್ದೆ ಕೆಡಿಸುತ್ತಿತ್ತು. ನಿನ್ನೆಯಿಂದ ಸುಮ್ಮನಿದೆ. ಅದಕ್ಕೂ ಈ ಬಿಸಿಲಿಗೆ ಸುಸ್ತಾಗಿರಬೇಕು.

ಶೋಭಾ


ಜಿಗಣಿ
16-6-1996

ಶೋಭಾ,

ನಿನ್ನನ್ನು ಅಲ್ಲಿ ಬಿಟ್ಟು ಬರಬಾರದಿತ್ತು. ಇನ್ನೊಂದು ತಿಂಗಳು ಇರುತ್ತೇನೆಂದರೆ ನೀನೇ "ಹೋಗು ಅಮ್ಮ, ನಿನ್ ಕೆಲ್ಸ ಹೋಗ್ತದೆ" ಎಂದು ಕಳಿಸಿದೆ. ಬಸ್ಸಿನಲ್ಲಿ ಕೂತು ಜನರ ಮುಂದೆಯೇ ಅತ್ತೆ.

ಆ ನರ್ಸಿನ ಮಾತು ಕಿವಿಯಿಂದ ಹೋಗುತ್ತಿಲ್ಲ. "ಹೆಣ್ಣು ಕಣಮ್ಮ, ಹೊಟ್ಟೇಲೇ ಹೋಗಿತ್ತು" ಎಂದು ಒಂದು ಬಟ್ಟೆಯ ಗಂಟನ್ನು ನನ್ನ ಕೈಗೆ ಕೊಟ್ಟಳು. ಕೂದಲಿತ್ತು ಶೋಭಾ, ನಿನ್ನ ಹಾಗೆಯೇ ಹಣೆಯ ಮೇಲೆ ಸುಳಿ ಇತ್ತು. ನಿನಗೆ ತೋರಿಸಬೇಡಿ ಎಂದು ಹೇಳಿದವಳು ನಾನೇ. ಸರಿ ಮಾಡಿದೆನೋ ತಪ್ಪು ಮಾಡಿದೆನೋ ತಿಳಿಯದು.

ಇದೆಲ್ಲ ಆ ಪೀಣ್ಯದ ನೀರಿನ ಕೆಲಸ. ನಿಮ್ಮ ಬೀದಿಯ ಮೋರಿ ಒಂದು ದಿನ ಹಸಿರು, ಒಂದು ದಿನ ಹಳದಿ ಹರಿಯುವುದನ್ನು ನಾನೇ ಕಂಡೆ. ಮನೆ ಬದಲಾಯಿಸಿ ಎಂದು ಅಳಿಯಂದಿರಿಗೆ ಖಡಾಖಂಡಿತ ಹೇಳಿದ್ದೇನೆ. ನಾನು ಗಟ್ಟಿಯಾಗಿ ಮಾತಾಡಿದ್ದಕ್ಕೆ ಅವರು ತಲೆ ಎತ್ತಲಿಲ್ಲ. ಅವರಿಗೆ ಬೇಸರವಾಗಿದ್ದರೆ ನನ್ನ ಪರವಾಗಿ ಸಮಾಧಾನ ಹೇಳು.

ಎರಡನೇ ಜಾಡಿಯಲ್ಲಿ ಉಳಿದಿದ್ದ ಗುಲ್ಕನ್ನನ್ನು ವಾಪಸ್ ತಂದಿದ್ದೇನೆ. ಅದನ್ನು ನೋಡಿದರೆ ನಿನಗೆ ಸಂಕಟವಾಗುತ್ತದೆ ಎಂದು. ಹಸಿರು ಬಳೆಯನ್ನು ಪೆಟ್ಟಿಗೆಯ ತಳಕ್ಕೆ ಹಾಕಿದೆ.

ಅಮ್ಮ


ಪೀಣ್ಯ
8-7-1996

ವೀರೇಶ್ ಸಾರ್‌ಗೆ ನಮಸ್ಕಾರ.

ನಾನು ನಿಮ್ಮ ಪ್ಯಾಕಿಂಗ್ ಹಾಲಿನ ವಸಂತಮ್ಮನವರ ಮಗಳು. ಇದನ್ನು ಚಿನ್ನಪ್ಪಣ್ಣನ ಕೈಲಿ ನಿಮ್ಮ ರೂಮಿಗೇ ಕಳಿಸುತ್ತಿದ್ದೇನೆ. ನನ್ನ ಮಗು ಹೋದ ವಿಷಯ ಅಮ್ಮ ಹೇಳಿರಬಹುದು.

ಆಸ್ಪತ್ರೆಯಲ್ಲಿ ಲೇಡಿ ಡಾಕ್ಟರ್ ನನ್ನ ಕಣ್ಣಿಗೆ ಬ್ಯಾಟರಿ ಹಿಡಿದು, ಪಾಪೆ ಚುಕ್ಕಿಯಷ್ಟು ಆಗಿದೆ ಎಂದರು. "ತೋಟದಲ್ಲಿ ಔಷಧಿ ಹೊಡೀತೀಯೇನಮ್ಮಾ?" ಎಂದು ಕೇಳಿದರು. ಇಲ್ಲ ಮೇಡಂ, ನಾನು ಮನೆ ಬಿಟ್ಟು ಹೋಗುವುದೇ ಇಲ್ಲ ಎಂದೆ. ಆಗ ನನಗೆ ಏನೂ ಹೊಳೆಯಲಿಲ್ಲ. ಹೋದ ವಾರ ಅಡುಗೆಮನೆಯ ಗೂಡು ಒರೆಸುವಾಗ, ಗುಲ್ಕನ್ ಜಾಡಿ ಇಟ್ಟಿದ್ದ ಜಾಗದಲ್ಲಿ ಪಾಕ ಒಣಗಿ ಅಂಟಿತ್ತು. ಅದರ ಸುತ್ತ ಇರುವೆಗಳು ಸತ್ತು ಬಿದ್ದಿದ್ದವು, ಎರಡು ಜಿರಳೆಯೂ ಇತ್ತು. ಮೂರು ತಿಂಗಳು ನಾನು ತಿಂದದ್ದು ಅದನ್ನೇ.

ಆ ರಾಶಿಯ ಹೂವಿಗೆ ನೀವು ಏನು ಹೊಡೆಯುತ್ತೀರಿ? ನಿಜ ಹೇಳಿ. ನಾನು ಯಾರ ಮೇಲೂ ದೂರು ಕೊಡುವುದಿಲ್ಲ. ಒಂದೇ ಬೇಡಿಕೆ, ನನ್ನ ಅಮ್ಮನಿಗೆ ಇದು ಗೊತ್ತಾಗಬಾರದು. ಗೊತ್ತಾದರೆ ಅವಳು ಬದುಕುವುದಿಲ್ಲ. ಬೇರೆ ಏನಾದರೂ ನೆಪ ಹೇಳಿ, ಆ ರಾಶಿಯಿಂದ ಯಾರೂ ಹೂವು ಒಯ್ಯದಂತೆ ಮಾಡಿ.

ಶೋಭಾರಾಣಿ


ಜಿಗಣಿ
19-7-1996

ಶೋಭಾರಾಣಿಯವರಿಗೆ,

ನಿಮ್ಮ ಪತ್ರ ಕೈಗೆ ಬಂದು ಬಹಳ ದಿನವಾಯಿತು. ಉತ್ತರ ಬರೆದು ಹರಿದು, ಬರೆದು ಹರಿದು ಇಂದು ಮುಗಿಸುತ್ತಿದ್ದೇನೆ.

ಹೂವಿನ ನುಸಿಗೆ ಒಂದು, ಹುಳಕ್ಕೆ ಒಂದು, ಬೂದಿ ರೋಗಕ್ಕೆ ಒಂದು ಔಷಧಿ ಹೊಡೆಯುತ್ತೇವೆ. ಫೆಬ್ರವರಿಯ ಗಡಿಬಿಡಿಯಲ್ಲಿ ಇಂದು ಹೊಡೆದು ನಾಳೆ ಕೊಯ್ದದ್ದೂ ಇದೆ. ಎಸಳಿನ ಮೇಲೆ ಮಾತ್ರ ನಿಲ್ಲುವುದಲ್ಲ, ಕೆಲವು ಒಳಗೂ ಇಳಿಯುತ್ತವೆ, ತೊಳೆದರೂ ಪೂರ್ತಿ ಹೋಗುವುದಿಲ್ಲ. ಇದೇ ಕುಲದ ಸೇಬಿಗೆ ಹೊಡೆದರೆ ಇಂತಿಷ್ಟು ದಿನ ಕಾದು ಕೊಯ್ಯಬೇಕೆಂದು ಡಬ್ಬಿಯ ಮೇಲೆ ಬರೆದಿರುತ್ತದೆ. ಗುಲಾಬಿಗೆ ಹಾಗೆ ಬರೆದಿರುವುದಿಲ್ಲ, ಅದನ್ನು ಯಾರು ತಿನ್ನುತ್ತಾರೆ ಎಂದು. ನಾನೂ ಹಾಗೆಯೇ ತಿಳಿದಿದ್ದೆ. ನಮ್ಮ ಮನೆಯಲ್ಲೂ ಗುಲ್ಕನ್ ಮಾಡುತ್ತಿದ್ದರು. ಆದರೂ ನನಗೆ ಅದು ನೆನಪಿಗೆ ಬರಲಿಲ್ಲ.

ಗುಂಡಿಯ ಹತ್ತಿರ ಎಚ್ಚರಿಕೆಯ ಬೋರ್ಡ್ ಇದೆ. ಅದು ಇಂಗ್ಲಿಷಿನಲ್ಲಿದೆ. ನಿಮ್ಮ ತಾಯಿ ಮಂಕರಿ ಹೊತ್ತು ಹೋಗುವುದನ್ನು ನಾನು ನೋಡಿದ್ದೆ, ಮುಡಿಯಲು ಇರಬೇಕೆಂದು ಸುಮ್ಮನಿದ್ದೆ. ನಿಮ್ಮ ಮಗು ಅದರಿಂದಲೇ ಹೋಯಿತೆಂದು ನಾನು ಹೇಳಲಾರೆ. ಅದರಿಂದಲ್ಲ ಎಂದೂ ಹೇಳಲಾರೆ.

ನಾಳೆಯಿಂದ ರಾಶಿಗೆ ಬೇಲಿ ಹಾಕಿಸುತ್ತೇನೆ. ನಿಮ್ಮ ತಾಯಿಗೆ ಏನೂ ಹೇಳುವುದಿಲ್ಲ. ಕ್ಷಮಿಸಿ ಎಂದು ಕೇಳುವ ಯೋಗ್ಯತೆ ನನಗಿಲ್ಲ.

ವೀರೇಶ್


ಜಿಗಣಿ
23-9-1996

ಶೋಭಾ,

ಗೌರಿ ಹಬ್ಬಕ್ಕೆ ನೀನು ಬಂದು ಹೋದದ್ದೇ ಮನೆಗೆ ಕಳೆ ಬಂತು. ಬಾಗಿನ ಕೊಡುವಾಗ ನಿನ್ನ ಕೈ ತೆಳ್ಳಗಾಗಿರುವುದನ್ನು ಕಂಡೆ. ಹೆಚ್ಚು ಮಾತಾಡಲಿಲ್ಲ ನೀನು. ನಾನೂ ಕೆದಕಲಿಲ್ಲ.

ವಾಪಸ್ ತಂದಿದ್ದ ಗುಲ್ಕನ್ನಿನಲ್ಲಿ ತಳದಲ್ಲಿ ಒಂದಿಷ್ಟು ಉಳಿದಿತ್ತಲ್ಲ, ಮುಂದಿನ ಬಸಿರು ಬೇಗ ನಿಲ್ಲಲಿ ಎಂದು ದೇವರ ಮುಂದೆ ಇಟ್ಟು ನಿನ್ನ ಬಾಯಿಗೆ ಒಂದು ಚಮಚ ಹಾಕಿದೆ. ನೀನು ಒಂದು ಗಳಿಗೆ ನನ್ನನ್ನೇ ನೋಡಿದೆ. ಆಮೇಲೆ ನುಂಗಿ, ನನ್ನ ಸೆರಗಿನಲ್ಲೇ ತುಟಿ ಒರೆಸಿಕೊಂಡು "ಚೆನ್ನಾಗೈತೆ ಅಮ್ಮ" ಅಂದೆ. ಆ ದಿನ ನನಗೆ ಎಷ್ಟು ನೆಮ್ಮದಿಯಾಯಿತು ಗೊತ್ತೇ? ನನ್ನ ಮೇಲೆ ನಿನಗೆ ಏನೋ ಮುನಿಸಿದೆ ಎಂದುಕೊಂಡಿದ್ದೆ.

ಆ ವೀರೇಶನ ಸುದ್ದಿ ಕೇಳು. ಹೂವಿನ ರಾಶಿಗೆ ತಂತಿ ಬೇಲಿ ಹಾಕಿ ಬೀಗ ಜಡಿದಿದ್ದಾನೆ! ಗೊಬ್ಬರಕ್ಕೆ ಬೇಕಂತೆ. ನಮ್ಮ ಜಮೀನಿನಲ್ಲಿ ನಿಂತು ನನ್ನನ್ನೇ ಕಳ್ಳಿಯ ಹಾಗೆ ನೋಡುತ್ತಾನೆ. ಮುಖ ಕೊಟ್ಟು ಮಾತಾಡುವುದೂ ಇಲ್ಲ. ಉಪ್ಪಿನಕಾಯಿ ಕೊಡುವುದನ್ನು ನಿಲ್ಲಿಸಿದ್ದೇನೆ.

ಅಮ್ಮ


ಜಿಗಣಿ
20-2-1997

ಶೋಭಾ,

ಹಬ್ಬದಿಂದೀಚೆ ನಿನ್ನ ಕಾಗದವೆಂದರೆ ಎರಡೇ ಸಾಲು. "ಚೆನ್ನಾಗಿದ್ದೇನೆ" ಎಂದು ಬರೆದರೆ ತಾಯಿಗೆ ತಿಳಿಯುವುದಿಲ್ಲವೇ?

ಒಂದು ವಿಷಯ ಬರೆಯಲು ಬಹಳ ಹಿಂದೆ ಮುಂದೆ ನೋಡಿದೆ. ನಿಮ್ಮತ್ತಿಗೆ ಪ್ರಮೀಳ ಬಸುರಿ, ಮೂರನೇ ತಿಂಗಳು. ನಿಮ್ಮಣ್ಣ ಶ್ರೀಧರನೇ "ಶೋಭಂಗೆ ಈಗ್ಲೇ ಯೋಳ್ಬ್ಯಾಡ, ನೊಂದ್ಕೊತಾಳೆ" ಎಂದಿದ್ದ. ನೀನು ಅಂಥವಳಲ್ಲ ಎಂದು ನನಗೆ ಗೊತ್ತು.

ವೀರೇಶ್ ಕೆಲಸ ಬಿಟ್ಟು ಊರಿಗೆ ಹೋದ. ಹೊಸ ಮ್ಯಾನೇಜರ್ ಒಳ್ಳೆಯವನು, ಬೇಲಿ ಕಿತ್ತುಹಾಕಿಸಿ "ಎಷ್ಟ್ ಬೇಕೋ ತಗೊಂಡೋಗಿ ಅಮ್ಮ, ಗುಂಡಿ ಖಾಲಿ ಆದ್ರೆ ಸಾಕು" ಎಂದ. ಈ ಸಲ ಎರಡು ದೊಡ್ಡ ಜಾಡಿ ತುಂಬಿ ಬಿಸಿಲಿಗಿಟ್ಟಿದ್ದೇನೆ. ಶಿವರಾತ್ರಿ ಕಳೆದ ಮಾರನೇ ದಿನ ಪ್ರಮೀಳಳಿಗೆ ತೆಗೆದು ಕೊಡುತ್ತೇನೆ. ಇಲ್ಲಿಯ ನೀರು ಚೆನ್ನಾಗಿದೆ, ನಿನಗಾದದ್ದು ಅವಳಿಗೆ ಆಗುವುದಿಲ್ಲ. ಒಂದು ಜಾಡಿ ನಿನಗೂ ತೆಗೆದಿಡುತ್ತೇನೆ.

ಅಮ್ಮ


ಪೀಣ್ಯ
24-2-1997

ಅಮ್ಮ,

ಇದನ್ನು ಅಂಚೆಗೆ ಹಾಕದೆ ಇವರ ಕೈಯಲ್ಲೇ ಮೊದಲ ಬಸ್ಸಿಗೆ ಕಳಿಸುತ್ತಿದ್ದೇನೆ. ನಾನೇ ಬರಬಹುದಿತ್ತು. ನೀನು ಇದನ್ನು ಓದುವಾಗ ನಿನ್ನ ಮುಖ ನೋಡುವ ಧೈರ್ಯ ನನಗಿಲ್ಲ.

ಪ್ರಮೀಳತ್ತಿಗೆ ಆ ಜಾಡಿಯನ್ನು ಮುಟ್ಟಬಾರದು. ಬೆರಳು ಅದ್ದಿ ನೆಕ್ಕಲೂ ಬಿಡಬೇಡ. ಮೊದಲು ಇಷ್ಟನ್ನು ಮಾಡಿ ಆಮೇಲೆ ಮುಂದೆ ಓದು.

ಹಿತ್ತಿಲ ಒರಳುಕಲ್ಲಿನ ಪಕ್ಕ ಇರುವೆ ಸಾಲು ಹೋಗುತ್ತದಲ್ಲ, ಅಲ್ಲಿ ಒಂದು ಕಡೆ ಬರೀ ಸಕ್ಕರೆ ನೀರು ಹಾಕು. ಇನ್ನೊಂದು ಕಡೆ ನಿನ್ನ ಗುಲ್ಕನ್ ಒಂದು ಚಮಚ ಹಾಕು. ಪಕ್ಕದಲ್ಲೇ ಕೂತು ನೋಡು. ಯಾರನ್ನೂ ಕರೆಯಬೇಡ.

ಇದರಲ್ಲಿ ನಿನ್ನ ತಪ್ಪಿಲ್ಲ. ಅಜ್ಜಿ ಕಲಿಸಿದಂತೆಯೇ ನೀನು ಮಾಡಿದೆ. ಆ ಹೂವು ಬೇರೆಯಾಗಿತ್ತು ಎಂದು ನಮಗೆ ಯಾರೂ ಹೇಳಲಿಲ್ಲ. ಇದನ್ನು ನಿನಗೆ ಹೇಳದೆಯೇ ಸಾಯಬೇಕೆಂದಿದ್ದೆ ಅಮ್ಮ. ಪ್ರಮೀಳತ್ತಿಗೆಯ ಸುದ್ದಿ ಬಂದ ಮೇಲೆ ನನ್ನಿಂದ ಆಗಲಿಲ್ಲ.

ಶೋಭಾ


ಜಿಗಣಿ
25-2-1997

ಶೋಭಾ,

ಅಳಿಯಂದಿರು ನಿಂತೇ ಇದ್ದಾರೆ, ಕಾಫಿಯನ್ನೂ ಮುಟ್ಟಿಲ್ಲ. ನಿನ್ನೆ ರಾತ್ರಿ ಅವರನ್ನು ನಾನೇ ಉಳಿಸಿಕೊಂಡೆ, ಕಾಗದ ಬರೆಯುವ ಹಾಗಿರಲಿಲ್ಲ.

ನೀನು ಹೇಳಿದಂತೆ ಕೂತು ನೋಡಿದೆ. ಸಕ್ಕರೆ ನೀರಿಗೆ ಮುತ್ತಿಕೊಂಡವು. ಇನ್ನೊಂದರ ಹತ್ತಿರ ಬಂದವು, ಮೀಸೆ ತಾಗಿಸಿದವು, ತಿರುಗಿ ಹೋದವು. ತಿರುಗದೆ ನಿಂತವು ಸ್ವಲ್ಪ ಹೊತ್ತು ಒದ್ದಾಡಿ ಮಗುಚಿಕೊಂಡವು. ನಿಮ್ಮಪ್ಪ ಬಂದು "ಏನ್ ನೋಡ್ತಾ ಕುಂತಿದೀಯೇ, ಎದ್ದೇಳು, ಬಿಸ್ಲು" ಅಂದರು. ನಾನು ಇನ್ನೂ ನೋಡುತ್ತಲೇ ಕೂತೆ.

ಪ್ರಮೀಳ ಒಂದು ಎಸಳೂ ತಿಂದಿಲ್ಲ. ಪೆಟ್ಟಿಗೆಯಲ್ಲಿದ್ದ ಹಸಿರು ಬಳೆಯ ಮೇಲೆ ಆಣೆ ಮಾಡಿಸಿ ಕೇಳಿದೆ. ಎರಡೂ ಜಾಡಿಯನ್ನು ಆಳಕ್ಕೆ ಹೂಳಿಸಿದ್ದೇನೆ. ಪ್ಯಾಕಿಂಗ್ ಹಾಲಿನ ಹುಡುಗಿಯರಿಗೆ ಒಬ್ಬೊಬ್ಬರಿಗೂ ಹೇಳಿ ಬಂದೆ. ಹೂವು ಒಯ್ದವರು ನಮ್ಮ ಮನೆಯವರಷ್ಟೇ ಅಲ್ಲ. ಕೇಳುತ್ತ ಒಬ್ಬಳು ಅಲ್ಲೇ ಕುಸಿದು ಕೂತಳು. ಯಾಕೆಂದು ನಾನು ಕೇಳಲಿಲ್ಲ.

ತಪ್ಪಿಲ್ಲ ಎಂದು ಬರೆದಿದ್ದೀಯ. ನಿನ್ನ ದೊಡ್ಡ ಮನಸ್ಸು. ಜೊಲ್ಲು ಸುರಿಯುತ್ತದೆ ಎಂದು ನೀನು ಬರೆದಾಗ ಇನ್ನೊಂದು ಹೊತ್ತು ತಿನ್ನು ಎಂದು ಬರೆದ ಕೈ ಇದು. ಇದೇ ಕೈಯಲ್ಲಿ ಆ ಬಟ್ಟೆಯ ಗಂಟನ್ನೂ ಹಿಡಿದಿದ್ದೆ.

ಅಳಿಯಂದಿರನ್ನು ಕೇಳಿದೆ, "ಅವ್ಳಿಗೆ ಯಾವಾಗ ಗೊತ್ತಾಯ್ತಪ್ಪಾ?" ಎಂದು. ಅವರು ನೆಲ ನೋಡುತ್ತ "ಆಷಾಢದಲ್ಲೇ ಅತ್ತೆ" ಅಂದರು.

ಆಷಾಢ ಕಳೆದು ಶ್ರಾವಣ. ಶ್ರಾವಣ ಕಳೆದ ಮೇಲಲ್ಲವೇ ಶೋಭಾ, ಗೌರಿ ಹಬ್ಬ? ನಾನು ಚಮಚ ಎತ್ತಿದಾಗ ನೀನು ಬಾಯಿ ಮುಚ್ಚಿಕೊಳ್ಳಬಹುದಿತ್ತು. ಹಿತ್ತಿಲಿಗೆ ಹೋಗಿ ಉಗುಳಬಹುದಿತ್ತು. ನೀನು ನನ್ನ ಮುಖ ನೋಡಿ ನುಂಗಿದೆ.

ನುಂಗಿ, ಚೆನ್ನಾಗೈತೆ ಅಮ್ಮ ಅಂದೆ.

ವಸಂತಮ್ಮ